ಮದ್ದು ಕೊಡುವವನ ಕರ್ತವ್ಯ

(ಸಂಘಗಳಲ್ಲಿ ಕೂಡಿ ಓದುವದಕ್ಕೆ ಒಂದು ಪಾಠ)



ರೋಗಿಗಳಿಗೆ ಉಪಚಾರ ಮಾಡುವವರು ಯಾರೆಂದು ಕೇಳಿದರೆ ನಾವು ವೈದ್ಯನನ್ನೂ ದಾದಿಯನ್ನೂ ಕೂಡಲೆ ನೆನಸುತ್ತೇವೆ. ವೈದ್ಯನು ಬರೆದ ಚೀಟಿಯನ್ನು ಓದಿ ಮದ್ದನ್ನು ನಮ್ಮ ಕೈಗೆ ಕೊಡುವವನನ್ನು ನೆನಸುವವರು ಕೊಂಚ ಜನರೇ. ಅಂಗಡಿಯ ಮೇಜಿನ ಆಚೆ ನಿಂತು, ಕಪಾಟಿನಿಂದ ಗುಳಿಗೆಗಳನ್ನು ತೆಗೆದು, ಹಣವನ್ನು ಎಣಿಸಿಕೊಳ್ಳುವದೇ ಅವನ ಕೆಲಸವೆಂದು ಅನೇಕರು ತಿಳಿದಿದ್ದಾರೆ. ಆದರೆ ನಾವು ಈ ಪಾಠದಲ್ಲಿ ವಿಚಾರಿಸತಕ್ಕ ಪ್ರಶ್ನೆಯು ಇದೇ: ಅವನ ಕರ್ತವ್ಯವು ಎಲ್ಲಿ ಮುಗಿಯುತ್ತದೆ? ಮದ್ದು ಅವನ ಕೈಯಿಂದ ನಮ್ಮ ಕೈಗೆ ಬಂದಾಗಲೋ? ಇಲ್ಲವೆ ಆ ಮದ್ದಿನಿಂದ ರೋಗಿಗೆ ಆಗತಕ್ಕ ಹಿತವು ಆದ ಮೇಲೆಯೋ? ಒಂದು ಕಾಲದಲ್ಲಿ ಜನರು ಮೊದಲನೆಯ ಉತ್ತರವನ್ನೇ ಕೊಡುತ್ತಿದ್ದರು. ಈಗ ಎರಡನೆಯದೇ ಸರಿಯೆಂದು ಆ ವಿದ್ಯೆಯವರೇ ಒಪ್ಪಿಕೊಂಡಿದ್ದಾರೆ. ಈ ಬದಲಾವಣೆಯು ಹೇಗಾಯಿತು, ನಮ್ಮ ಹಳ್ಳಿಯ ಮನೆಗಳಿಗೆ ಅದರಿಂದೇನು ಎಂಬದನ್ನು ಕ್ರಮವಾಗಿ ನೋಡೋಣ. ಈ ಕೆಲಸದಲ್ಲಿ ಈಗ ಸ್ತ್ರೀಯರೂ ಅನೇಕರಿರುವದರಿಂದ, 'ಅವನು' ಎಂದು ಬರೆದಲ್ಲೆಲ್ಲಾ 'ಅವಳು' ಎಂದೂ ತಿಳಿಯತಕ್ಕದ್ದು.

1. ಪೂರ್ವದ ಕಂಪೌಂಡರನು

ಗದಗ-ಬೆಟಗೇರಿ, ಚಿಕ್ಕಬಳ್ಳಾಪುರ, ಮೈಸೂರು ಮುಂತಾದ ಊರುಗಳ ಮಿಶನ್ ಆಸ್ಪತ್ರೆಗಳಲ್ಲಿಯೂ ಸರಕಾರದ ದವಾಖಾನೆಗಳಲ್ಲಿಯೂ ಪೂರ್ವದಲ್ಲಿ ಕಂಪೌಂಡರನೆಂಬವನು ಇದ್ದನು. ವೈದ್ಯನು ಬರೆದ ವಸ್ತುಗಳನ್ನು ಅವನು ಸಣ್ಣ ತಕ್ಕಡಿಯಲ್ಲಿ ತೂಗಿ, ಕಲ್ಲಿನಲ್ಲಿ ಅರೆದು, ನೀರಿನಲ್ಲಿ ಬೆರಸಿ, ಸೀಸೆಗೆ ತುಂಬುತ್ತಿದ್ದನು. ಓದಲಾರದ ರೋಗಿಗೂ ಅಳತೆಯು ತಿಳಿಯುವಂತೆ, ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಸೀಸೆಯ ಪಕ್ಕಕ್ಕೆ ಅಂಟಿಸುತ್ತಿದ್ದನು. ಒಂದು ಹಲ್ಲಿಗೆ ಒಂದು ಸಾರಿಯ ಮದ್ದು. ಪುಡಿಯಾದರೆ ಕಾಗದದಲ್ಲಿ ಮಡಚಿ ಪೊಟ್ಟಣಗಳನ್ನು ಎಣಿಸಿ ಕೊಡುತ್ತಿದ್ದನು. ಅವನ ಕೈ ತಪ್ಪಿದರೆ ರೋಗಿಯ ಪ್ರಾಣಕ್ಕೆ ಅಪಾಯ. ಆದದರಿಂದ ಅವನಿಗೆ ಬೇಕಾದ ಮುಖ್ಯ ಗುಣವು ಕೈಯ ನಂಬಿಗಸ್ತಿಕೆಯೇ.

ಆ ದಿನಗಳಲ್ಲಿ ದೇಶದ ಚಿಂತೆಯೂ ಮದ್ದಿನ ಶುದ್ಧತೆಯ ವಿಷಯವಾಗಿಯೇ ಇತ್ತು. ಕಲಬೆರಕೆಯ ಮದ್ದುಗಳು ಹೆಚ್ಚಾದ್ದರಿಂದ ಸರಕಾರವು ಕರ್ನಲ್ ಆರ್. ಎನ್. ಚೋಪ್ರಾ ಎಂಬವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಅದು 1930-31ರಲ್ಲಿ ದೇಶವನ್ನೆಲ್ಲಾ ವಿಚಾರಿಸಿ, ಕಾಯಿದೆ ಬೇಕು, ಕಲಿತ ಔಷಧಗಾರರೂ ಬೇಕು ಎಂದು ತಿಳಿಸಿತು. 1932ರಲ್ಲಿ ಮಹಾದೇವ ಲಾಲ್ ಶ್ರಾಫ್ ಎಂಬವರು ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಈ ವಿದ್ಯೆಯ ಬೋಧನೆಯನ್ನು ಆರಂಭಿಸಿದರು. 1940ರಲ್ಲಿ ಔಷಧಗಳ ಕಾಯಿದೆಯೂ 1948ರಲ್ಲಿ ಫಾರ್ಮಸಿ ಕಾಯಿದೆಯೂ ಹುಟ್ಟಿದವು. ಕಲಿತು, ಹೆಸರನ್ನು ದಾಖಲೆ ಮಾಡಿಸಿಕೊಂಡವನೇ ವೈದ್ಯನ ಚೀಟಿಯ ಮೇರೆಗೆ ಮದ್ದನ್ನು ಕೊಡತಕ್ಕದ್ದೆಂಬ ನಿಯಮವು ಹೀಗೆ ಉಂಟಾಯಿತು.

2. ಬದಲಾವಣೆಗೆ ಮೂರು ಕಾರಣಗಳು

ಮೊದಲನೆಯದು, ಯಂತ್ರಶಾಲೆಗಳು. ಬೆರಸುವ ಕೆಲಸವೆಲ್ಲಾ ಅಲ್ಲಿಗೆ ಹೋಯಿತು. ಗುಳಿಗೆಗಳು ಎಣಿಸಿ ಮುಚ್ಚಿದ ಹಾಳೆಗಳಲ್ಲಿ ಬರತೊಡಗಿದವು. ತಕ್ಕಡಿಯೂ ಅರೆಯುವ ಕಲ್ಲೂ ಮೂಲೆಗೆ ಬಿದ್ದವು.

ಎರಡನೆಯದು, ಮದ್ದುಗಳ ಬಲ. ಈಗಿನ ಮದ್ದುಗಳು ಪೂರ್ವದ ಕಷಾಯಗಳಿಗಿಂತ ಬಹಳ ಬಲವಾದವುಗಳು. ಗುಣಪಡಿಸುವ ಬಲವಿದ್ದಲ್ಲಿ ಕೆಡಿಸುವ ಬಲವೂ ಉಂಟು. ಒಂದು ಮದ್ದು ಇನ್ನೊಂದರ ಗುಣವನ್ನು ಕುಂದಿಸುವದೂ ಉಂಟು, ಮಿತಿಮೀರಿ ಹೆಚ್ಚಿಸುವದೂ ಉಂಟು.

ಮೂರನೆಯದು, ರೋಗಗಳ ಸ್ವಭಾವ. ಹತ್ತು ದಿನ ಮದ್ದು ಕುಡಿದು ಏಳುವ ಜ್ವರಗಳ ಜೊತೆಗೆ, ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಹೃದಯದ ರೋಗ ಮುಂತಾದ ದೀರ್ಘ ವ್ಯಾಧಿಗಳು ಈಗ ಮನೆಮನೆಯಲ್ಲಿವೆ. ಇವುಗಳಲ್ಲಿ ರೋಗಿಯು ಆಸ್ಪತ್ರೆಯಲ್ಲಿ ಮಲಗಿರುವದಿಲ್ಲ. ಹೊಲಕ್ಕೆ ಹೋಗುತ್ತಾನೆ, ಅಡಿಗೆ ಮಾಡುತ್ತಾಳೆ, ಮತ್ತು ವರ್ಷಗಟ್ಟಳೆ ತನ್ನ ಮದ್ದನ್ನು ತಾನೇ ತೆಗೆದುಕೊಳ್ಳುತ್ತಾನೆ. ಇಂಥ ದೀರ್ಘ ರೋಗಗಳಲ್ಲಿ ಐಶ್ವರ್ಯವುಳ್ಳ ದೇಶಗಳ ರೋಗಿಗಳೊಳಗೂ ಸುಮಾರು ಅರ್ಧ ಜನರು ಮಾತ್ರವೇ ಮದ್ದನ್ನು ಹೇಳಿದಂತೆ ತೆಗೆದುಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು 2003ರಲ್ಲಿ ಪ್ರಕಟಿಸಿತು. ವೈದ್ಯನು ಸರಿಯಾಗಿ ಬರೆದನು, ಯಂತ್ರಶಾಲೆಯು ಸರಿಯಾಗಿ ಮಾಡಿತು, ಅಂಗಡಿಯವನು ಸರಿಯಾದದ್ದನ್ನೇ ಕೊಟ್ಟನು. ಆದರೂ ಮದ್ದು ಮನೆಯ ಗೂಡಿನಲ್ಲಿ ಉಳಿದರೆ ಯಾರಿಗೆ ಏನು ಪ್ರಯೋಜನ?

3. ಅಮೇರಿಕದಲ್ಲಿ ನಡೆದ ಸಂಗತಿ

ಈ ಬದಲಾವಣೆಯ ಹೆಜ್ಜೆಗಳು ಅಮೇರಿಕ ದೇಶದಲ್ಲಿ ಸ್ಪಷ್ಟವಾಗಿ ಕಾಣುವದರಿಂದ, ಅದನ್ನು ಸಂಕ್ಷೇಪವಾಗಿ ತಿಳಿದುಕೊಂಡು ನಮ್ಮ ನಾಡಿಗೆ ಹಿಂದಿರುಗೋಣ. ಅಲ್ಲಿಯ ಔಷಧಗಾರರ ಸಂಘವು 1952ರಲ್ಲಿ ಒಂದು ನೀತಿಸೂತ್ರವನ್ನು ಒಪ್ಪಿಕೊಂಡಿತು. ಅದರ ಪ್ರಕಾರ ಔಷಧಗಾರನು ಚೀಟಿಯಲ್ಲಿರುವ ಮದ್ದು ಯಾವದೆಂದಾಗಲಿ, ಅದರ ಗುಣವೇನೆಂದಾಗಲಿ ರೋಗಿಯ ಸಂಗಡ ಮಾತಾಡಕೂಡದು; ರೋಗಿಯು ಕೇಳಿದರೆ ವೈದ್ಯನ ಬಳಿಗೆ ಹೋಗೆಂದು ಹೇಳತಕ್ಕದ್ದು. ಮದ್ದನ್ನು ಎಲ್ಲರಿಗಿಂತ ಚೆನ್ನಾಗಿ ತಿಳಿದವನೇ ಅದರ ವಿಷಯವಾಗಿ ಬಾಯಿ ಮುಚ್ಚಿಕೊಂಡಿರಬೇಕೆಂಬ ಈ ನಿಯಮವು ನಮಗೆ ಈಗ ಆಶ್ಚರ್ಯವಾಗಿ ತೋರುತ್ತದೆ.

ವರ್ಜೀನಿಯ ಸೀಮೆಯ ಬೆರಿವಿಲ್ ಎಂಬ ಚಿಕ್ಕ ಊರಿನಲ್ಲಿ ಯುಜೀನ್ ವೈಟ್ ಎಂಬ ಔಷಧಗಾರರಿದ್ದರು. ಆ ಕಾಲದ ಅನೇಕ ಮದ್ದಿನಂಗಡಿಗಳಂತೆ ಅವರ ಅಂಗಡಿಯಲ್ಲಿಯೂ ತಂಪುಪಾನೀಯದ ಕಟ್ಟೆಯೂ ನಾನಾ ಸರಕುಗಳೂ ಇದ್ದವು. 1960ರಲ್ಲಿ ಅವರು ಇವೆಲ್ಲವುಗಳನ್ನು ತೆಗೆಸಿಬಿಟ್ಟು, ಅಂಗಡಿಯನ್ನು ಜನರು ಕೂತು ಮಾತಾಡತಕ್ಕ ಕೋಣೆಯಾಗಿ ಮಾರ್ಪಡಿಸಿದರು. ಅಷ್ಟೇ ಅಲ್ಲ, ತಮ್ಮ ಬಳಿಗೆ ಬರುವವರಿಗಾಗಿ ಒಂದೊಂದು ದಾಖಲೆಯ ಚೀಟಿಯನ್ನು ಇಟ್ಟು, ಯಾರು ಯಾವ ಮದ್ದನ್ನು ತೆಗೆದುಕೊಳ್ಳುತ್ತಾರೆಂದು ಬರೆದಿಡತೊಡಗಿದರು. ಇದರ ಪ್ರಯೋಜನವೇನಂದರೆ, ಹೊಸ ಚೀಟಿಯು ಬಂದಾಗ ಹಳೆಯದರೊಂದಿಗೆ ಹೋಲಿಸಿ ನೋಡಿ, ಇವೆರಡು ಕೂಡಿದರೆ ಕೇಡೆಂದು ಮೊದಲೇ ಹೇಳಬಹುದಾಗಿತ್ತು. ವ್ಯಾಪಾರಸ್ಥನು ಸರಕನ್ನು ನೋಡುತ್ತಾನೆ. ಇವರು ಮನುಷ್ಯನನ್ನು ನೋಡಿದರು.

1969ರಲ್ಲಿ ಆ ಸಂಘವು ತನ್ನ ಸೂತ್ರವನ್ನು ತಿದ್ದಿ, ರೋಗಿಯ ಸುರಕ್ಷಿತವೇ ಔಷಧಗಾರನ ಮೊದಲನೆಯ ಕರ್ತವ್ಯವೆಂದು ಬರೆಯಿತು. 1990ರಲ್ಲಿ ಹೆಪ್ಲರ್, ಸ್ಟ್ರಾಂಡ್ ಎಂಬ ಇಬ್ಬರು ಅಧ್ಯಾಪಕರು ಒಂದು ಲೇಖನವನ್ನು ಪ್ರಕಟಿಸಿದರು. ಮದ್ದಿನಿಂದ ರೋಗಿಯ ಬಾಳಿಗೆ ಆಗುವ ಫಲಕ್ಕೆ ಔಷಧಗಾರನೂ ಉತ್ತರವಾದಿಯೆಂಬದು ಅದರ ಸಾರಾಂಶ. ಆ ವಿದ್ಯೆಯ ಮಾರ್ಗವು ಅಂದಿನಿಂದ ಲೋಕದಲ್ಲೆಲ್ಲಾ ಆ ಕಡೆಗೆ ತಿರುಗಿತು.

4. ಸರಿಯಾದ ಮದ್ದಿನಿಂದಲೂ ಆಗುವ ಕೇಡು

ಇದು ಪಂಡಿತರ ಚರ್ಚೆಯಲ್ಲವೇ, ನಮಗೇಕೆಂದು ಯಾರಾದರೂ ಕೇಳಾರು. ಆದಕಾರಣ ನಾಲ್ಕು ದೃಷ್ಟಾಂತಗಳನ್ನು ಕೊಡುತ್ತೇವೆ. ಇವುಗಳಲ್ಲಿ ಒಂದರಲ್ಲಿಯೂ ಮದ್ದು ಕೆಟ್ಟದ್ದಲ್ಲ. ತಿಳುವಳಿಕೆಯ ಕೊರತೆಯೇ ಕೆಟ್ಟದ್ದು.

(ಅ) ಕೀಲುಗಳು ಬಾತು ಸೊಟ್ಟಗಾಗುವ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಎಂಬ ಗುಳಿಗೆಯನ್ನು ಕೊಡುವದುಂಟು. ಅದನ್ನು ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳತಕ್ಕದ್ದು. ಆದರೆ ಗುಳಿಗೆಯೆಂದರೆ ದಿನಾಲು ನುಂಗುವದೆಂದು ನಮ್ಮ ಜನರ ರೂಢಿ. ಹಾಗೆ ದಿನಾಲು ನುಂಗಿದವರಿಗೆ ಬಾಯೆಲ್ಲಾ ಹುಣ್ಣಾಗಿ, ರಕ್ತವು ಹುಟ್ಟುವದು ಕುಂದಿ, ಮರಣವೂ ಸಂಭವಿಸಿದ್ದುಂಟು. "ಇದು ವಾರದ ಗುಳಿಗೆ, ಯಾವ ವಾರ ನುಂಗುತ್ತೀರಿ, ಹೇಳಿರಿ" ಎಂಬ ಒಂದೇ ಮಾತು ಇಂಥ ಮರಣವನ್ನು ತಡೆಯಬಲ್ಲದು.

(ಆ) ಸಕ್ಕರೆ ಕಾಯಿಲೆಯ ಇನ್ಸುಲಿನ್ ನಮ್ಮ ದೇಶದಲ್ಲಿ ಹೆಚ್ಚಾಗಿ ಎರಡು ಬಲಗಳಲ್ಲಿ ದೊರೆಯುತ್ತದೆ: ಒಂದು ಮಿಲಿಲೀಟರಿಗೆ 40 ಅಳತೆಯದು, 100 ಅಳತೆಯದು. ಚುಚ್ಚುವ ಕೊಳವೆಯೂ ಎರಡು ವಿಧ. 40ರ ಕೊಳವೆಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 100ರ ಇನ್ಸುಲಿನನ್ನು 40ರ ಕೊಳವೆಯಲ್ಲಿ 20ರ ಗೆರೆಯ ತನಕ ಎಳೆದರೆ, ದೇಹಕ್ಕೆ ಸೇರುವದು 20 ಅಲ್ಲ, 50. ಎರಡೂವರೆ ಪಾಲು ಹೆಚ್ಚಾದ ಈ ಮದ್ದಿನಿಂದ ರಕ್ತದಲ್ಲಿಯ ಸಕ್ಕರೆಯು ಥಟ್ಟನೆ ಇಳಿದು ರೋಗಿಯು ಎಚ್ಚರ ತಪ್ಪಿ ಬೀಳುವನು. ಸೀಸೆಯನ್ನೂ ಕೊಳವೆಯನ್ನೂ ಒಟ್ಟಿಗೆ ಹಿಡಿದು ಹೋಲಿಸಿ ತೋರಿಸುವದು ಔಷಧಗಾರನ ಕೆಲಸ.

(ಇ) ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಎಂಬ ಮದ್ದಿನಿಂದ ಮೂತ್ರವು ಕೆಂಪಾಗಿ ಕಾಣುತ್ತದೆ. ಇದರಿಂದ ಕೇಡೇನೂ ಇಲ್ಲ. ಆದರೆ ಮುಂಚಿತವಾಗಿ ಹೇಳದೆಹೋದರೆ ರೋಗಿಯು ರಕ್ತ ಹೋಗುತ್ತದೆಂದು ಹೆದರಿ ಮದ್ದನ್ನೇ ಬಿಟ್ಟುಬಿಡುವನು. ಸಾಧಾರಣ ಕ್ಷಯಕ್ಕೆ 6 ತಿಂಗಳು ತಪ್ಪದೆ ನುಂಗಬೇಕಾದ ಮದ್ದನ್ನು ನಡುವೆ ಬಿಟ್ಟರೆ, ರೋಗವು ಮದ್ದಿಗೆ ಬಗ್ಗದಂಥದಾಗಿ ಮನೆಯವರಿಗೂ ಅಂಟೀತು.

(ಈ) ರಕ್ತದ ಒತ್ತಡಕ್ಕೆ ಮದ್ದು ತೆಗೆದುಕೊಳ್ಳುವ ಒಬ್ಬ ವೃದ್ಧೆಯು ಮೊಣಕಾಲ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ಗುಳಿಗೆಗಳನ್ನು ತರಿಸಿ ತಿಂಗಳುಗಟ್ಟಳೆ ನುಂಗುವಳೆಂದು ಭಾವಿಸಿರಿ. ನೋವು ಶಮನವಾಗುವದು ನಿಜ. ಆದರೆ ಒತ್ತಡವು ಏರೀತು, ಮೂತ್ರಪಿಂಡಗಳು ಕೆಟ್ಟಾವು. ಒತ್ತಡದ ವೈದ್ಯನಿಗೆ ನೋವಿನ ಗುಳಿಗೆಯ ಸಂಗತಿ ತಿಳಿಯದು. ಎರಡನ್ನೂ ಒಂದೇ ಅಂಗಡಿಯಿಂದ ತರಿಸಿದರೆ, ಎರಡನ್ನೂ ಬಲ್ಲವನು ಔಷಧಗಾರನೊಬ್ಬನೇ. ಅವನು ಸುಮ್ಮನಿದ್ದರೆ ಎಚ್ಚರಿಸುವವರು ಬೇರಾರೂ ಇಲ್ಲ.

5. ಕಾದು ನೋಡುವವನಿಂದಾದ ಫಲ

ಔಷಧಗಾರನು ಹೀಗೆ ರೋಗಿಯ ಹಿಂದೆ ಬಿದ್ದು ಕಾದು ನೋಡಿದರೆ ನಿಜವಾಗಿ ಪ್ರಯೋಜನವಾಗುತ್ತದೋ? ಅಮೇರಿಕದ ಉತ್ತರ ಕೆರೊಲಿನ ಸೀಮೆಯ ಆಶ್‌ವಿಲ್ ನಗರದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಅಲ್ಲಿಯ ನಗರಸಭೆಯು ತನ್ನ ನೌಕರರ ವೈದ್ಯಕೀಯ ಖರ್ಚನ್ನು ತಾನೇ ಹೊರುತ್ತಿತ್ತು. 1990ರ ದಶಕದ ನಡುವೆ ಅದು ಸಕ್ಕರೆ ಕಾಯಿಲೆಯುಳ್ಳ ನೌಕರರನ್ನು ಊರಿನ ಔಷಧಗಾರರಿಗೆ ಒಪ್ಪಿಸಿತು. ಔಷಧಗಾರರು ವಿಶೇಷ ತರಬೇತಿ ಹೊಂದಿ, ಗೊತ್ತಾದ ಕಾಲಕ್ಕೆ ಒಬ್ಬೊಬ್ಬರನ್ನೂ ಕೂಡ್ರಿಸಿಕೊಂಡು, ಸಕ್ಕರೆಯ ಅಳತೆಯನ್ನು ನೋಡಿ, ಪಾದಗಳನ್ನು ಪರೀಕ್ಷಿಸಿ, ಮದ್ದನ್ನೂ ಆಹಾರವನ್ನೂ ವಿಚಾರಿಸಿ, ಬೇಕಾದಲ್ಲಿ ವೈದ್ಯನಿಗೆ ತಿಳಿಸಿದರು. 2003ರಲ್ಲಿ ಪ್ರಕಟವಾದ ವರದಿಯ ಮೇರೆಗೆ, ಅವರ ಸಕ್ಕರೆಯು ಹತೋಟಿಗೆ ಬಂತು. ಗುಳಿಗೆಗಳ ಖರ್ಚು ಹೆಚ್ಚಿದರೂ ವೈದ್ಯಕೀಯದ ಒಟ್ಟು ಖರ್ಚು ಇಳಿಯಿತು. ಕಾಯಿಲೆಯ ರಜೆಯ ದಿನಗಳೂ ಕಡಿಮೆಯಾದವು.

ಇಂಗ್ಲೆಂಡಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. 2024ರ ಜನವರಿ 31ರಿಂದ ಅಲ್ಲಿಯ ಔಷಧಗಾರರು ಗಂಟಲ ನೋವು, ಕಿವಿ ನೋವು, ಸೋಂಕು ಹತ್ತಿದ ಹುಳುಕಡಿತ ಮುಂತಾದ ಏಳು ಸಾಧಾರಣ ಕಾಯಿಲೆಗಳಿಗೆ, ನೇಮಿಸಿದ ಕಟ್ಟಳೆಗಳೊಳಗೆ, ತಾವೇ ನೋಡಿ ಮದ್ದು ಕೊಡುವದಕ್ಕೆ ಅಧಿಕಾರ ಹೊಂದಿದ್ದಾರೆ.

6. ನಮ್ಮ ದೇಶದ ಸ್ಥಿತಿ

ನಮ್ಮಲ್ಲಿ ಔಷಧಗಾರನಿಗೆ ಅಂಥ ಅಧಿಕಾರವಿಲ್ಲ. ಆದರೆ ಮಾತಾಡುವ ಕರ್ತವ್ಯವು ಇದೆ. ಮೈಸೂರಿನ ಜೆ. ಎಸ್. ಎಸ್. ಫಾರ್ಮಸಿ ಕಾಲೇಜಿನಲ್ಲಿ 1990ರ ದಶಕದಲ್ಲಿಯೇ, ಆಸ್ಪತ್ರೆಯ ಹಾಸಿಗೆಗಳ ಬಳಿಯಲ್ಲಿ ನಿಂತು ಈ ವಿದ್ಯೆಯನ್ನು ಕಲಿಸುವ ಉನ್ನತ ತರಗತಿಯನ್ನು ಆರಂಭಿಸಿದರು. ದೇಶದಲ್ಲಿ ಮೊದಲು ಹೀಗೆ ಮಾಡಿದವುಗಳಲ್ಲಿ ಅದೂ ಒಂದು. 2008ರಲ್ಲಿ ಫಾರ್ಮ್. ಡಿ. ಎಂಬ ಆರು ವರ್ಷಗಳ ವ್ಯಾಸಂಗವು ಉಂಟಾಯಿತು. ಮದ್ದಿನಿಂದಾದ ಕೇಡುಗಳನ್ನು ವರದಿಮಾಡುವದಕ್ಕಾಗಿ ಸರಕಾರವು 2010ರಲ್ಲಿ ಒಂದು ಏರ್ಪಾಡನ್ನು ಆರಂಭಿಸಿತು. 1800-180-3024 ಎಂಬ ಸಂಖ್ಯೆಗೆ ಖರ್ಚಿಲ್ಲದೆ ದೂರವಾಣಿ ಮಾಡಿ ರೋಗಿಯೇ ತಿಳಿಸಬಹುದು. 2015ರ ಫಾರ್ಮಸಿ ನಿಯಮಗಳಂತೂ, ಔಷಧಗಾರನು ಚೀಟಿಯನ್ನು ಪರೀಕ್ಷಿಸಿ, ಮದ್ದಿನ ಹೆಸರು, ಅಳತೆ, ವೇಳೆ, ಉಂಟಾಗಬಹುದಾದ ತೊಂದರೆ, ಇಡುವ ಕ್ರಮ ಇವುಗಳನ್ನು ರೋಗಿಗೆ ಬೋಧಿಸತಕ್ಕದ್ದೆಂದು ಸ್ಪಷ್ಟವಾಗಿ ವಿಧಿಸುತ್ತವೆ.

ವಿಧಿಯು ಹೀಗಿದ್ದರೂ ನಡಿಕೆಯು ಎಲ್ಲಾ ಕಡೆಯಲ್ಲಿಯೂ ಹಾಗಿಲ್ಲವೆಂಬದನ್ನು ಮುಚ್ಚಿಡುವದು ಸರಿಯಲ್ಲ. ಕೆಲವು ಅಂಗಡಿಗಳಲ್ಲಿ ಔಷಧಗಾರನ ಪ್ರಮಾಣಪತ್ರವು ಗೋಡೆಯ ಮೇಲೆ ತೂಗುತ್ತದೆ, ಅವನು ಮಾತ್ರ ಅಲ್ಲಿರುವದಿಲ್ಲ. ಚೀಟಿಯನ್ನು ಓದುವವನು ವಿದ್ಯೆಯಿಲ್ಲದ ಹುಡುಗನು. ಬೇರೆ ಕಡೆ ಔಷಧಗಾರನಿದ್ದರೂ, ಜನರ ಗುಂಪಿನಲ್ಲಿ ಒಬ್ಬನೇ ನಿಂತು ಮಾತಾಡುವದಕ್ಕೆ ಅವನಿಗೆ ಪುರಸೊತ್ತಿಲ್ಲ. ತಪ್ಪು ಅವರದು ಮಾತ್ರವೂ ಅಲ್ಲ. "ಜ್ವರಕ್ಕೆ ಎರಡು ಗುಳಿಗೆ ಕೊಡಪ್ಪಾ, ಬಸ್ಸು ಹೊರಡುತ್ತದೆ" ಎನ್ನುವವರು ನಾವೇ. ಚೀಟಿ ತನ್ನಿರೆಂದು ಹೇಳುವ ನೀತಿವಂತನನ್ನು ಬಿಟ್ಟು, ಕೇಳಿದ್ದನ್ನೆಲ್ಲಾ ಕೊಡುವವನ ಅಂಗಡಿಗೆ ಹೋಗುವವರೂ ನಾವೇ. ಒಳ್ಳೇ ಔಷಧಗಾರನು ಹೀಗೆ ಗಿರಾಕಿಗಳನ್ನು ಕಳಕೊಂಡರೆ, ಅವನು ಎಷ್ಟು ದಿನ ಒಳ್ಳೆಯವನಾಗಿ ನಿಂತಾನು?

7. ಔಷಧಗಾರನ ಮೇರೆಗಳು

ಔಷಧಗಾರನು ವೈದ್ಯನಲ್ಲ. ರೋಗವೇನೆಂದು ನಿರ್ಣಯಿಸುವದೂ, ಚೀಟಿಯಲ್ಲಿಲ್ಲದ ಬಲವಾದ ಮದ್ದನ್ನು ಕೊಡುವದೂ ಅವನಿಗೆ ಸಲ್ಲದು. ಹಾಳೆಯ ಮೇಲೆ ಕೆಂಪು ಗೆರೆಯುಳ್ಳ ಮದ್ದನ್ನು ಚೀಟಿಯಿಲ್ಲದೆ ಕೇಳಲೂ ಬಾರದು, ಕೊಡಲೂ ಬಾರದು. ಚೀಟಿಯಲ್ಲಿ ಬರೆದ ಹೆಸರಿನ ಬದಲಾಗಿ ಬೇರೆ ಹೆಸರಿನದನ್ನು ತನ್ನಷ್ಟಕ್ಕೆ ತಾನೇ ಕೊಡುವದೂ ನಿಯಮಕ್ಕೆ ವಿರೋಧ. ಕಡಿಮೆ ಬೆಲೆಯದು ಬೇಕಾದರೆ, ಮದ್ದಿನ ಮೂಲ ಹೆಸರನ್ನೇ ಬರೆಯಿರೆಂದು ವೈದ್ಯನನ್ನು ಬೇಡಿಕೊಳ್ಳತಕ್ಕದ್ದು. ವೈದ್ಯರು ಹಾಗೆಯೇ, ಓದಲು ಬರುವ ಅಕ್ಷರದಲ್ಲಿ ಬರೆಯಬೇಕೆಂದು 2016ರಲ್ಲಿ ನಿಯಮವಾಗಿದೆ. ಹಾಗೆ ಬರೆದ ಮದ್ದುಗಳಲ್ಲಿ ಅನೇಕವು ಜನೌಷಧಿ ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುತ್ತವೆ.

ಆದರೆ ಚೀಟಿಯಲ್ಲಿ ಸಂಶಯ ತೋರಿದರೆ ವೈದ್ಯನನ್ನು ಕೇಳುವದು ಅವನ ಹಕ್ಕೂ ಹೌದು, ಕರ್ತವ್ಯವೂ ಹೌದು. ಇಂಥ ಪ್ರಶ್ನೆಯನ್ನು ಅಹಂಕಾರವೆಂದು ಎಣಿಸದೆ ಉಪಕಾರವೆಂದು ಎಣಿಸುವ ವೈದ್ಯನೇ ಬುದ್ಧಿವಂತನು.

8. ನಾವು ಮಾಡತಕ್ಕದ್ದು

ಒಂದನೆಯದಾಗಿ, ಮನೆಯವರೆಲ್ಲರಿಗೂ ಸಾಧ್ಯವಾದಷ್ಟು ಒಂದೇ ಅಂಗಡಿಯಿಂದ, ಔಷಧಗಾರನು ತಾನೇ ಇರುವ ಅಂಗಡಿಯಿಂದ, ಮದ್ದನ್ನು ತರಬೇಕು.

ಎರಡನೆಯದಾಗಿ, ನುಂಗುವ ಎಲ್ಲಾ ಮದ್ದುಗಳ ಪಟ್ಟಿಯನ್ನು ಒಂದು ಕಾಗದದಲ್ಲಿ ಬರೆದು ಚೀಟಿಯ ಸಂಗಡ ಒಯ್ಯಬೇಕು. ನಾಟಿಮದ್ದನ್ನೂ ಬಿಡಬಾರದು. ಓದುಬರಹವಿಲ್ಲದವರು ಖಾಲಿ ಹಾಳೆಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಲಿ. ಗರ್ಭಿಣಿಯೆಂದೂ, ಮೊಲೆಯುಣಿಸುವವಳೆಂದೂ, ಮುಂಚೆ ಯಾವದಾದರೂ ಮದ್ದು ಮೈಗೆ ಹಿಡಿಯಲಿಲ್ಲವೆಂದೂ ನಾಚದೆ ಹೇಳಬೇಕು.

ಮೂರನೆಯದಾಗಿ, ಮೂರು ಸಂಗತಿಗಳನ್ನು ತಿಳಿಯದೆ ಅಂಗಡಿಯನ್ನು ಬಿಡಬಾರದು: ಈ ಮದ್ದು ಯಾತಕ್ಕೆ? ಇದನ್ನು ಹೇಗೆ, ಯಾವಾಗ, ಎಷ್ಟು ದಿನ ತೆಗೆದುಕೊಳ್ಳಬೇಕು? ಇದರಿಂದ ಏನಾದೀತೆಂದು ಎದುರು ನೋಡಬೇಕು? ಅಮೇರಿಕದ ಮೂಲನಿವಾಸಿಗಳ ಆರೋಗ್ಯ ಇಲಾಖೆಯ ಔಷಧಗಾರರು ಈ ಮೂರನ್ನೇ ತಮ್ಮ ರೋಗಿಗಳಿಗೆ ಕೇಳುವದನ್ನು ರೂಢಿಮಾಡಿದರು. ಅವರು ಹೇಳಿಬಿಡುತ್ತಿರಲಿಲ್ಲ, ಕೇಳುತ್ತಿದ್ದರು. ರೋಗಿಯ ಉತ್ತರದಲ್ಲಿ ಅವನಿಗೆ ತಿಳಿಯದೆ ಇದ್ದದ್ದು ಹೊರಬೀಳುತ್ತಿತ್ತು. ಕೇಳಿಸಿಕೊಂಡದ್ದನ್ನು ನಮ್ಮ ಮಾತಿನಲ್ಲಿ ತಿರುಗಿ ಹೇಳಿ ತೋರಿಸುವದು ಬಹಳ ಒಳ್ಳೇದು. ತಲೆಯಾಡಿಸಿದವರೆಲ್ಲರೂ ತಿಳಿದವರಲ್ಲ.

ನಾಲ್ಕನೆಯದಾಗಿ, ಓದಬಲ್ಲ ಹುಡುಗರು ವಾರಕ್ಕೊಂದು ಸಾರಿ ನೆರೆಹೊರೆಯ ವೃದ್ಧರ ಮನೆಗೆ ಹೋಗಿ, ಅವರ ಮದ್ದುಗಳನ್ನು ನೋಡಿ, ಗುಳಿಗೆಗಳು ದಿನಕ್ಕೆ ಸರಿಯಾಗಿ ಕಡಿಮೆಯಾಗುತ್ತವೋ ಎಂದು ಎಣಿಸಬಹುದು. ಇದಕ್ಕೆ ವೈದ್ಯವಿದ್ಯೆ ಬೇಡ. ಕಣ್ಣೂ ಕನಿಕರವೂ ಸಾಕು. ತಪ್ಪಿ ಕಂಡರೆ ತಾವೇ ತಿದ್ದದೆ ಔಷಧಗಾರನಿಗಾಗಲಿ ವೈದ್ಯನಿಗಾಗಲಿ ತಿಳಿಸತಕ್ಕದ್ದು.

ಕಂಪೌಂಡರನು ಸೀಸೆಗೆ ಅಂಟಿಸುತ್ತಿದ್ದ ಆ ಕಾಗದದ ಪಟ್ಟಿಯು ಅವನ ಮಾತನ್ನು ರೋಗಿಯ ಮನೆಯ ತನಕ ಒಯ್ಯುತ್ತಿತ್ತು. ಈಗಿನ ಹಾಳೆಗಳಿಗೆ ಅಂಥ ಪಟ್ಟಿಯಿಲ್ಲ. ಆದಕಾರಣ ಔಷಧಗಾರನು ಬಾಯಿ ತೆರೆದು ಹೇಳಬೇಕು, ನಾವು ನಿಂತು ಕೇಳಬೇಕು. ಇವೆರಡೂ ಕೂಡಿದಲ್ಲಿಯೇ ಮದ್ದು ಮದ್ದಾಗುವದು.

ಕೂಡಿ ವಿಚಾರಿಸುವದಕ್ಕೆ ಪ್ರಶ್ನೆಗಳು

1. ಪೂರ್ವದ ಕಂಪೌಂಡರನ ಕೆಲಸಕ್ಕೂ ಈಗಿನ ಔಷಧಗಾರನ ಕೆಲಸಕ್ಕೂ ಇರುವ ಭೇದವೇನು? ಯಾವದು ಬದಲಾಗದೆ ಉಳಿದಿದೆ?

2. 1952ರ ನೀತಿಸೂತ್ರವು ಔಷಧಗಾರನನ್ನು ಮಾತಾಡದಂತೆ ತಡೆದದ್ದರಿಂದ ಯಾರಿಗೆ ನಷ್ಟವಾಯಿತು?

3. ನಾಲ್ಕು ದೃಷ್ಟಾಂತಗಳಲ್ಲಿ ನಿಮ್ಮ ಊರಿನಲ್ಲಿ ಸಂಭವಿಸಬಹುದಾದದ್ದು ಯಾವದು? ಅದನ್ನು ತಡೆಯುವ ಒಂದು ಮಾತನ್ನು ಹೇಳಿರಿ.

4. ಚೀಟಿಯಿಲ್ಲದೆ ಬಲವಾದ ಮದ್ದನ್ನು ಕೊಡಲೊಲ್ಲದ ಔಷಧಗಾರನಿಗೆ ನಾವು ಯಾವ ರೀತಿಯಲ್ಲಿ ಆಸರೆಯಾಗಬಹುದು?

5. ನಿಮ್ಮ ಮನೆಯಲ್ಲಿ ಮದ್ದು ತೆಗೆದುಕೊಳ್ಳುವವರು ಯಾರು? ಅವರ ಮದ್ದುಗಳ ಪಟ್ಟಿಯನ್ನು ಈ ವಾರದಲ್ಲಿ ಬರೆಯಿರಿ.